ಅಥಾತೋ ವಿಶ್ರಾಂತಿಜಿಜ್ಞಾಸಾ

ಯಾವ ಶಾಸ್ತ್ರವಾದರೂ ಮೊದಲು ಅಧಿಕಾರಿಯ ಲಕ್ಷಣ ಹೇಳಬೇಕು. ಈ ಶಾಸ್ತ್ರಕ್ಕೆ ಅಧಿಕಾರಿಣಿ ಯಾರೆಂದರೆ: ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬಿ, ಮಾವನವರ ಬಿಪಿ ಮಾತ್ರೆ ಎತ್ತಿಟ್ಟು, ಆಫೀಸಿನ ಒಂಬತ್ತೂವರೆಯ ಮೀಟಿಂಗಿಗೆ ಕ್ಯಾಮೆರಾ ಆಫ್ ಮಾಡಿಕೊಂಡು ಬೀನ್ಸ್ ಹೆಚ್ಚುತ್ತಿರುವವಳು, ಮತ್ತು 'ಸ್ವಲ್ಪ ನಿಧಾನವಾಗಿ ಬದುಕೋದನ್ನ ಕಲಿ' ಎಂಬ ಉಪದೇಶವನ್ನು ಕಾಲು ಚಾಚಿ ಕೂತವರಿಂದ ಒಮ್ಮೆಯಾದರೂ ಪಡೆದವಳು. ಉಳಿದವರು ಓದಲು ಅಡ್ಡಿಯಿಲ್ಲ, ಪ್ರಯೋಜನವೂ ಇಲ್ಲ.

ಇನ್ನು ಪೂರ್ವಪಕ್ಷ. ವಿಶ್ರಾಂತಿ ಎಂಬ ಪದಾರ್ಥ ಉಂಟು ಎನ್ನುವವರಲ್ಲಿ ಮೂರು ಪಂಗಡ. ಬೆಳಗಿನ ಐದಕ್ಕೆ ಎದ್ದು ಧ್ಯಾನ ಮಾಡಿ ಎನ್ನುವವರು ಮೊದಲನೆಯವರು. ನಿಧಾನವಾಗಲು ಒಂದು ಗಂಟೆ ಬೇಗ ಏಳಬೇಕೆಂಬ ಈ ಸೂತ್ರ ಯಾವ ಹೇತ್ವಾಭಾಸಕ್ಕೆ ಸೇರುತ್ತದೆಂದು ತಾರ್ಕಿಕರು ಇನ್ನೂ ತೀರ್ಮಾನಿಸಿಲ್ಲ. ಎರಡನೆಯವರು ಇಟಲಿಯ ಕಾರ್ಲೊ ಪೆಟ್ರೀನಿಯ ಅನುಯಾಯಿಗಳು. 1986ರಲ್ಲಿ ರೋಮಿಗೆ ಮೆಕ್‌ಡೊನಾಲ್ಡ್ಸ್ ಬಂದದ್ದಕ್ಕೆ ಸಿಟ್ಟಾಗಿ ಆತ ಸ್ಲೋ ಫುಡ್ ಚಳವಳಿ ಕಟ್ಟಿದ. ಸಂತೋಷ. ಆದರೆ ಉದ್ದು ನೆನೆಹಾಕಿ, ರುಬ್ಬಿ, ರಾತ್ರಿಯೆಲ್ಲ ಹುದುಗು ಬರಲು ಬಿಟ್ಟು ಹುಯ್ಯುವ ದೋಸೆಗಿಂತ ನಿಧಾನದ ತಿಂಡಿ ಉಂಟೆ? ನಿಧಾನವೆಲ್ಲ ಹಿಟ್ಟಿನದು, ಓಟ ಅವಳದು. ಮೂರನೆಯವರು ಯಂತ್ರವಾದಿಗಳು, 'ಮಿಕ್ಸಿ ಇದೆಯಲ್ಲ' ಎನ್ನುವವರು. ಇವರನ್ನು ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲೇ ಒಂದಿಡೀ ಗ್ರಂಥ ಬರೆದು ಖಂಡಿಸಿದ್ದಾರೆ: ಯಂತ್ರ ಬಂದ ಹಾಗೆ ಮನೆಯ ನಿರೀಕ್ಷೆಯೂ ಏರುತ್ತದೆ. ಒರಳಿನ ಕಾಲಕ್ಕೆ ಒಂದು ಚಟ್ನಿ ಸಾಕಿತ್ತು. ಮಿಕ್ಸಿಯ ಕಾಲಕ್ಕೆ ಕೆಂಪು ಬೇರೆ, ಹಸಿರು ಬೇರೆ.

ಪ್ರತ್ಯಕ್ಷ ಪ್ರಮಾಣಕ್ಕೆ ಬರೋಣ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ ದುಡಿದರು. (ಕೈಯನ್ನೇ ಹಾಕದ ಗಂಡಸರು ಈ ಸರಾಸರಿಗೆ ಸೇರಿಲ್ಲ. ಅವರು ನೂರಕ್ಕೆ 74 ಮಂದಿ. ಶಾಸ್ತ್ರದಲ್ಲಿ ಇವರಿಗೆ ಜೀವನ್ಮುಕ್ತರೆಂದು ಹೆಸರು.) 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88ಕ್ಕೆ ಇಳಿದವು. ಐದು ವರ್ಷಕ್ಕೆ ಅವಳಿಗೆ ದಕ್ಕಿದ ಬಿಡುವು 10 ನಿಮಿಷ. ಇದೇ ಲೆಕ್ಕದಲ್ಲಿ ಅವಳು ಆ 88ನ್ನು ಮುಟ್ಟಲು ಸುಮಾರು 100 ವರ್ಷ ಸಾಕು. ದೇಶ ನಿಧಾನದ ಬದುಕನ್ನು ಆಗಲೇ ಮೈಗೂಡಿಸಿಕೊಂಡಿದೆ ಎನ್ನಲು ಬೇರೆ ಸಾಕ್ಷಿ ಬೇಡ.

ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂದು ಪತಂಜಲಿಯ ಮತ. ಆತನ ಒಲೆಯ ಮೇಲೆ ಹಾಲಿರಲಿಲ್ಲವೆಂದು ಇದರಿಂದ ಊಹಿಸಬಹುದು. ಸಂಸಾರದಲ್ಲಿರುವ ಹೆಂಗಸಿಗೆ ವಿಧಿಸಿದ ಆಸನಗಳೇ ಬೇರೆ. ತುದ್ಯಾಸನ: ಕುರ್ಚಿಯ ತುದಿಯಲ್ಲಿ, ಕುಕ್ಕರ್ ಮೂರನೆಯ ಸೀಟಿ ಹೊಡೆಯುವವರೆಗೆ. ನೆಂಟಾಸನ: ಬಂದವರು 'ನೀವೂ ಕೂತ್ಕೊಳ್ಳಿ' ಎಂದಾಗ, ಅವರ ಕಾಫಿ ಮುಗಿಯುವವರೆಗೆ. ಇವು ಸುಲಭವಾದ್ದರಿಂದ ಭಾಷ್ಯ ಬೇಕಿಲ್ಲ.

ದೊಡ್ಡ ದೊಡ್ಡವರೂ ಮೋಸಹೋಗಿರುವುದು ಅವರೆಕಾಳಾಸನದಲ್ಲಿ. ಇದು ಬೆಂಗಳೂರು, ಮೈಸೂರು, ಕೋಲಾರದ ಕಡೆ ಚಳಿಗಾಲದಲ್ಲಿ ಕಾಣಸಿಗುತ್ತದೆ. ಎದುರಿಗೆ ಟಿವಿ, ಕಾಲಬುಡದಲ್ಲಿ ರಾತ್ರಿಯೇ ನೆನೆಸಿಟ್ಟ ಕಾಳಿನ ಪಾತ್ರೆ. ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಕಾಳು ಪುಳಕ್ಕನೆ ಜಾರಿ ಬೋಗುಣಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒಂದೊಂದು ಗುರಿ ತಪ್ಪಿ ಸೋಫಾದಡಿ ಸೇರುತ್ತದೆ. ಬಗ್ಗಿ ಹೆಕ್ಕುವವಳೂ ಅವಳೇ. ಬೆರಳ ತುದಿ ನೆನೆದು ಸುಕ್ಕುಗಟ್ಟಿರುತ್ತದೆ. ಎರಡು ಸೀರಿಯಲ್ ಮುಗಿದರೂ ಕಾಳು ಮುಗಿಯದು. ಆಗ ಆ ದಾರಿಯಲ್ಲಿ ಹಾದವರು ಹೇಳುವ ಮಾತು: 'ಹೇಗೂ ಸುಮ್ನೆ ಟಿವಿ ನೋಡ್ತಾ ಕೂತಿದೀಯಲ್ಲ, ಒಂದು ಲೋಟ ನೀರು ಕೊಡೇ.' ಹಗ್ಗದಲ್ಲಿ ಹಾವು ಕಂಡಂತೆ ದುಡಿಮೆಯಲ್ಲಿ ಆರಾಮು ಕಾಣುವ ಈ ಭ್ರಾಂತಿ ಅನಾದಿಯಾದದ್ದು.

ಕಡೆಯದು ಶೂನ್ಯಹಸ್ತಾಸನ: ಕೈಯಲ್ಲಿ ಚಾಕು, ಕಾಳು, ಫೋನು ಏನೂ ಇಲ್ಲದೆ ಬರಿದೇ ಕೂರುವುದು. ಬಚ್ಚಲುಮನೆಯ ಹೊರಗೆ ಇದಕ್ಕೆ ನಿದರ್ಶನಗಳು ವಿರಳ. ಅಕಸ್ಮಾತ್ ಮನೆಯವರ ಕಣ್ಣಿಗೆ ಬಿದ್ದರೆ 'ಯಾಕೆ, ಹುಷಾರಿಲ್ವಾ?' ಎನ್ನುತ್ತಾರೆ.

ಹೀಗಾಗಿ ಸಿದ್ಧಾಂತ: ನಿಧಾನ ಕಲಿಸಬೇಕಾದ್ದು ಅವಳಿಗಲ್ಲ, ಬೀರು, ಫ್ರಿಜ್ಜು, ಮಸಾಲೆ ಡಬ್ಬಿಗಳ ಮುಂದೆ ನಿಂತಾಗ ಉಳಿದವರಿಗೆ ಕವಿಯುವ ಕುರುಡಿಗೆ ಮದ್ದು ಮಾಡಬೇಕು. ಪ್ರಯೋಗಕ್ರಮ ಸುಲಭ. 'ಜೀರಿಗೆ ಎಲ್ಲಿದೆ?' ಎಂದು ಅಡುಗೆಮನೆಯಿಂದ ಕೂಗು ಬಂದಾಗ ಕೂತಲ್ಲಿಂದ ಕದಲದೆ 'ಅಲ್ಲೇ ಇರುತ್ತೆ, ನೋಡಿ' ಎಂಬ ಮಂತ್ರವನ್ನು ಉಚ್ಚರಿಸುವುದು. ಎರಡು ಡಬ್ಬಿ ಹಿಡಿದು ಬಂದು 'ಇದರಲ್ಲಿ ಜೀರಿಗೆ ಯಾವುದು, ಸೋಂಪು ಯಾವುದು?' ಎಂದರೂ ಏಳಕೂಡದು. 'ಮೂಸಿ ನೋಡಿ' ಎನ್ನುವುದು. ಇಷ್ಟರಲ್ಲಿ ಒಗ್ಗರಣೆ ಸೀದ ವಾಸನೆ ಬಂದರೆ ಏನು ಮಾಡಬೇಕೆಂಬಲ್ಲಿ ಆಚಾರ್ಯೆಯರಲ್ಲಿ ಮತಭೇದವಿದೆ. ಆಗಲೂ ಏಳಬಾರದೆಂದು ಒಂದು ಪಕ್ಷ. ಗ್ಯಾಸ್ ಆರಿಸಿ ಬಂದು ಮತ್ತೆ ಕೂರಬಹುದೆಂದು ಇನ್ನೊಂದು. ಸಿಲಿಂಡರಿನ ಬೆಲೆ ನೋಡಿದರೆ ಎರಡನೆಯದೇ ಸಾಧು. ಸೀದ ಬಾಣಲೆಯನ್ನು ತಿಕ್ಕುವ ಅಧಿಕಾರಿ ಯಾರೆಂಬುದು ಮುಂದಿನ ಸಂಪುಟದ ವಿಷಯ.