ನೆಲ ಮೊದಲು, ಹೊಳಪು ಆಮೇಲೆ

ಏನು ರಾಯರೇ, ನಿಮ್ಮ ಮಗ ಒಹಾಯೋದಲ್ಲಿ ಹಳೇ ಏರ್‌ಸ್ಟ್ರೀಮ್ ಟ್ರೇಲರ್ ಕೊಳ್ಳಬೇಕು ಅಂತಿದ್ದಾನಂತೆ! ಕೇಳಿ ಸಂತೋಷವಾಯಿತು. ಕೊಳ್ಳಲಿ ಬಿಡಿ, ಬೇಡ ಅನ್ನಬೇಡಿ. ಆ ರಾಜ್ಯದ ಜಾಕ್ಸನ್ ಸೆಂಟರ್‌ನಲ್ಲೇ 1952ರಿಂದ ಅದರ ಕಾರ್ಖಾನೆ ಇದೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಗಳಲ್ಲಿ ಅಷ್ಟು ಚೆಂದದ್ದು ನನ್ನ ಕಣ್ಣಿಗೆ ಇನ್ನೊಂದು ಬಿದ್ದಿಲ್ಲ.

ಆ ದುಂಡನೆಯ ಮೈ ಬಂದದ್ದು ವಿಮಾನದ ಕಡೆಯಿಂದ. ಹಾಲಿ ಬೌಲಸ್ ಅಂತ ಒಬ್ಬರು ಗ್ಲೈಡರ್ ಕಟ್ಟುತ್ತಿದ್ದರು. ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ದಾಟಿದರಲ್ಲ, ಆ ವಿಮಾನದ ಕೆಲಸದ ಉಸ್ತುವಾರಿ ನೋಡಿಕೊಂಡವರು ಇವರೇ. 1934ರಲ್ಲಿ ಅಲ್ಯುಮಿನಿಯಂ ತಗಡಿಗೆ ರಿವೆಟ್ ಹೊಡೆದು ‘ರೋಡ್ ಚೀಫ್’ ಅನ್ನುವ ಟ್ರೇಲರ್ ಮಾಡಿದರು. ಬಾಗಿಲು ಮುಂದುಗಡೆ, ಕಾರಿಗೆ ಸಿಕ್ಕಿಸುವ ಕೊಕ್ಕೆಯ ಹತ್ತಿರ! ಏರ್‌ಸ್ಟ್ರೀಮ್‌ನ ವಾಲಿ ಬೈಯಮ್ ಆ ಬಾಗಿಲನ್ನು ಪಕ್ಕಕ್ಕೆ ತಂದು, 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ಹೊರಡಿಸಿದರು.

ಆದರೆ ಹುಡುಗನಿಗೆ ಒಂದು ಮಾತು ಹೇಳಿ. ಮನೆಗೆ ತಂದ ದಿನವೇ ಪಾಲಿಶ್ ಹಿಡಿದು ಉಜ್ಜಲು ಕೂರದಿರಲಿ. ಮೈ ಹೊಳೆಯುತ್ತಿದ್ದರೂ ನೆಲ ಕೊಳೆತಿರಬಹುದು. ಕಿಟಕಿಯ ಸಂದಿನಿಂದ, ದೀಪದ ಬುಡದಿಂದ ಮಳೆನೀರು ಎರಡು ತಗಡಿನ ನಡುವೆ ಇಳಿದು, ಗೋಡೆಯ ಅಡಿಗೆ ಸಿಕ್ಕಿಕೊಂಡ ಪ್ಲೈವುಡ್ಡಿನ ಅಂಚಿಗೆ ಬರುತ್ತದೆ. ಕೊನೆಗೆ ಆ ಪ್ಲೈವುಡ್ಡು ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉದುರುತ್ತದೆ. ಪೂರ್ತಿ ನೆಲ ಹಾಕಬೇಕಾದರೆ ಸಾಮಾನ್ಯವಾಗಿ ಬೋಲ್ಟು ಬಿಚ್ಚಿ, ಇಡೀ ಮೈಯನ್ನು ಮೇಲೆತ್ತಿ, ಚಾಸಿಯನ್ನು ಹೊರಗೆಳೆಯಬೇಕು. ರಿವೆಟ್ ಹೊಡೆಯುವುದಕ್ಕೂ ಇಬ್ಬರು ಬೇಕು: ಹೊರಗಿನಿಂದ ಒಬ್ಬರು ಗನ್ ಒತ್ತಿದರೆ, ಒಳಗಿನಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಸೊಸೆಯನ್ನೂ ಜೊತೆಗೆ ಕರೆದುಕೊಳ್ಳಲಿ, ಒಳ್ಳೆಯ ಕೆಲಸ ಅದು.

ಬಿಚ್ಚುವ ಮೊದಲು ಹಳೆಯದೆಲ್ಲ ಗಮನಿಸಬೇಕು ರಾಯರೇ. ಸೀರಿಯಲ್ ನಂಬರ್ ಬರೆದುಕೊಳ್ಳಲಿ, ಆ ವರ್ಷದ ಜಾಹೀರಾತು ಹುಡುಕಲಿ, ಒಳಗೋಡೆಯ ಸ್ಕ್ರೂ ತೂತುಗಳ ಫೋಟೋ ತೆಗೆಯಲಿ. ಹಿಂದೆ ಸಿಂಕ್ ಎಲ್ಲಿತ್ತು, ಮಂಚ ಎಲ್ಲಿತ್ತು ಅಂತ ಆ ತೂತುಗಳೇ ಹೇಳುತ್ತವೆ. ಹುಡುಕಾಟದಿಂದ ಏನೇನು ಸಿಗುತ್ತದೆ ನೋಡಿ. ಚಂದ್ರನಿಂದ ಬಂದವರನ್ನು ನಾಸಾದವರು ಪ್ರತ್ಯೇಕವಾಗಿ ಇಡುತ್ತಿದ್ದದ್ದು ಏರ್‌ಸ್ಟ್ರೀಮ್‌ನಿಂದ ಮಾಡಿಸಿದ ಟ್ರೇಲರಿನಲ್ಲಿ. ಅಪೊಲೊ 12ರವರು ಇದ್ದದ್ದು 2007ರಲ್ಲಿ ಅಲಬಾಮಾದ ಮೇರಿಯನ್ ಊರಿನ ಮೀನುಮರಿ ಕೇಂದ್ರದಲ್ಲಿ ಸಿಕ್ಕಿತು! ಈಗ ಹಂಟ್ಸ್‌ವಿಲ್‌ನ ಬಾಹ್ಯಾಕಾಶ ಕೇಂದ್ರದಲ್ಲಿ ಜನ ನೋಡುತ್ತಾರೆ. ಗುರುತು ಹಿಡಿಯುವವರಿಲ್ಲದಿದ್ದರೆ ಅದೂ ಗುಜರಿಗೇ ಹೋಗುತ್ತಿತ್ತೋ ಏನೋ.

ಇವತ್ತು ರಾತ್ರಿ ಫೋನ್ ಮಾಡ್ತಾನಲ್ಲ, ಮರೆಯದೆ ಹೇಳಿ: ದುಡ್ಡು ಕೊಡುವ ಮುಂಚೆ ಹಿಂದಿನ ಬಂಪರ್ ಮೇಲೆ ನಿಂತು ಕುಲುಕಿ ನೋಡಲಿ. ಬಂಪರ್ ಮಾತ್ರ ಕೆಳಗಿಳಿದು ಮೈ ಅಲ್ಲಾಡದಿದ್ದರೆ, ಮೈಯ ಹಿಂಬದಿ ಚಾಸಿಯಿಂದ ಬಿಟ್ಟುಕೊಂಡಿದೆ ಅಂತಲೇ ಅರ್ಥ. ಆಗ ಚೌಕಾಸಿ ಮಾಡಿಯೇ ಕೊಳ್ಳಲಿ.