ಅಕ್ಕನ ಮನೆಯ ಹಿರಿಯರು

ಶಿರಹಟ್ಟಿ ಕಡೆಯ ಅಕ್ಕನ ಮನೆಗೆ ಹೋದವರು ಮೊದಲು ದನದ ಕೊಟ್ಟಿಗೆಗೆ ಹೋಗಿ ಎಮ್ಮೆಗಳಿಗೆ ಮುಖ ತೋರಿಸಬೇಕು. ದೇವರ ಕೋಣೆ ಆಮೇಲೆ. ಬೆಟಗೇರಿಯಿಂದ ಇಸ್ತ್ರಿ ಮಾಡಿಕೊಂಡು ಬಂದ ನನ್ನ ಅಂಗಿಯನ್ನು ಅಕ್ಕ ಹೊಸ್ತಿಲಲ್ಲೇ ಬಿಚ್ಚಿಸುತ್ತಾಳೆ. “ಮಾವಾರ ಹಳೇ ಬನೀನ ಹಾಕ್ಕೊ. ಅದರ ವಾಸನಿ ಅವಕ್ಕ ಗೊತ್ತೈತಿ.” ಹೊಸಬರನ್ನು ಕಂಡರೆ ಎಮ್ಮೆ ಬೆದರುತ್ತದೆ, ಬೆದರಿದರೆ ತೊರೆ ಬಿಡುವುದಿಲ್ಲ. ತಮ್ಮ ಉಂಡನೋ ಇಲ್ಲವೋ ಎಂಬ ವಿಚಾರಣೆ ಹಾಲು ಹಿಂಡಿ ಮುಗಿದ ಮೇಲೆ.

ಗದುಗಿನವರಿಗೆ ಭಾರತದ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಕುಮಾರವ್ಯಾಸ ಒರಗಿ ಕೂತು ಬರೆದನೆಂಬ ಕಂಬವನ್ನು ವೀರನಾರಾಯಣನ ಗುಡಿಯಲ್ಲಿ ನೋಡುತ್ತಲೇ ಬೆಳೆದವರಲ್ಲವೇ ನಾವು! ಆ ಕತೆಯಲ್ಲಿ ವಿರಾಟನ ದನ ಕಾಯುವ ಪಾಳಿ ಬಂದದ್ದು ಐವರಲ್ಲಿ ಕಿರಿಯನಾದ ಸಹದೇವನಿಗೆ. ನಮ್ಮಲ್ಲಿ ಅದು ಹಿರಿಯಳಿಗೆ ಬಂತು. ಕಿರಿಯವನು ಕಚೇರಿಯಲ್ಲಿ ಕಡತ ಕಾಯುತ್ತೇನೆ. ಸಹದೇವನದಾದರೂ ಒಂದು ವರ್ಷದ ಕರಾರು. ಅಕ್ಕನದಕ್ಕೆ ಗಡುವಿಲ್ಲ, ರವಿವಾರವೂ ಇಲ್ಲ.

ಒಮ್ಮೆ ಅಕ್ಕ ಲಕ್ಷ್ಮೇಶ್ವರಕ್ಕೆ ಮದುವೆಗೆಂದು ಹೋದವಳು ರಾತ್ರಿ ಅಲ್ಲೇ ಉಳಿಯಬೇಕಾಯಿತು. ಮಾವಾರು ಬುಟ್ಟಿ ತುಂಬ ಹಿಂಡಿ ಇಟ್ಟರು, ಬೆನ್ನು ಸವರಿದರು, ಕಡೆಗೆ ಕೈಮುಗಿದರು. ಎಮ್ಮೆ ಕಾಲು ಝಾಡಿಸಿತು. ಕೊನೆಗೆ ಆ ಮೀಸೆಯ ಮನುಷ್ಯ ಅಕ್ಕನ ಸೀರೆ ಹೊದ್ದು, ತಲೆಯ ಮೇಲೆ ಸೆರಗೆಳೆದುಕೊಂಡು ಕೂತ ಮೇಲೆಯೇ ಚರಿಗೆಯಲ್ಲಿ ಸದ್ದಾದದ್ದು. ಇದನ್ನು ಊರಿಗೆಲ್ಲ ಹೇಳಿದವಳು ಅಕ್ಕನೇ.

ಅವಳ ಎಮ್ಮೆಗಳು ಕಪ್ಪಗೆ, ಅರ್ಧಚಂದ್ರದ ಕೊಂಬಿನವು. ನಮ್ಮ ಕಣ್ಣಿಗೆ ಬರೀ ನಾಟಿ ಎಮ್ಮೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೇಲೆ, 2021ರಲ್ಲಿ ‘ಧಾರವಾಡಿ’ ಎಂಬ ತಳಿಯಾಗಿ ಅವಕ್ಕೆ ರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಗದಗ ಜಿಲ್ಲೆಯೂ ಅವುಗಳ ತವರೇ. ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದೆ. “ಹಂಗಾರ ಹಾಲಿಗೆ ರೇಟ್ ಏರಿಸ್ತಾರೇನು?” ಎಂದಳು. ಏರಿಸುವ ಸುದ್ದಿ ಪೇಪರಿನಲ್ಲಿರಲಿಲ್ಲ. ಎಮ್ಮೆಯ ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ ಹನ್ನೆರಡು ಅಂಕಿ. ನನ್ನ ಆಧಾರ್ ಸಂಖ್ಯೆಯೂ ಅಷ್ಟೇ ಉದ್ದ. ಸರ್ಕಾರದ ಲೆಕ್ಕದಲ್ಲಿ ನಾವಿಬ್ಬರೂ ಸಮ, ಅಕ್ಕನ ಲೆಕ್ಕದಲ್ಲಿ ಮಾತ್ರ ಅದು ಮೇಲು.

ಎತ್ತುಗಳು ಮಾವಾರ ಖಾತೆ. ಆದರೂ ಪೇಟೆಯಲ್ಲಿ ಹಲ್ಲು ನೋಡುವವಳು ಅಕ್ಕನೇ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲೇ ಇರುವುದಿಲ್ಲ. ಕೆಳಗಿನ ಹಾಲುಹಲ್ಲು ಬಿದ್ದು ಎರಡು, ನಾಲ್ಕು, ಆರು ಎಂದು ಜೋಡಿಜೋಡಿಯಾಗಿ ಬಂದು ಎಂಟಾದರೆ ಬಾಯಿಗೂಡಿತು, ಪ್ರಾಯಕ್ಕೆ ಬಂತು ಎಂದರ್ಥ. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಏನೇ ವ್ಯವಹಾರ ಕುದುರಿಸಲಿ, ಇವಳು ತುಟಿ ಎತ್ತಿ ನೋಡದೆ ರೊಕ್ಕ ಬಿಚ್ಚಗೊಡುವುದಿಲ್ಲ. ತಲೆ ನರೆತ ನನ್ನ ಬಗ್ಗೆ ಅವಳ ಅಭಿಪ್ರಾಯ: “ನಮ್ಮ ತಮ್ಮಗ ಇನ್ನೂ ಬಾಯಿಗೂಡಿಲ್ಲ.”

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಮನೆಯ ಗೂಡಿನಲ್ಲೂ ಒಂದು ಜೋಡಿ ಕೂಡುತ್ತದೆ. “ನಿಮ್ಮವು ಬೇಷ್ ಅದಾವ ಬಿಡು,” ಅಂದಿದ್ದಳು. “ಕಣಿಕಿ ಬ್ಯಾಡ, ಸಗಣಿ ಇಲ್ಲ.”

ಈ ಸಲ ಹೋದದ್ದು ಮಗಳ ಮದುವೆಗೆ ಕರೆಯಲು. ಅಕ್ಕ ಲಗ್ನಪತ್ರಿಕೆಗೆ ಹಚ್ಚಿದ ಅರಿಷಿಣ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ನಾ ನಾಕ ದಿನ ಮೊದಲs ಬರ್ತೀನಿ. ನಿಮ್ಮ ಮಾವಾರು ಮಾತ್ರ ಬರೂದಿಲ್ಲ. ಸೀರಿ ಉಟ್ಗೊಂಡು ಒಬ್ಬರರ ಇಲ್ಲಿ ಇರಬೇಕಲ್ಲೊ!”