ಕೀಲಿಗೆ ಕಾರ್ಡಿನ ವೇಷ ಹಾಕಿಸಿದ ಮಹನೀಯರಿಗೆ

ಇವರಿಗೆ,
ಮಾನ್ಯ ಮುಖ್ಯಸ್ಥರು,
ಕೀಲಿ ವಿನ್ಯಾಸ ವಿಭಾಗ,
ಸಮಸ್ತ ಕಾರು ಕಂಪನಿಗಳು.

ವಿಷಯ: ಚಿಲ್ಲರೆ ದುಡ್ಡಿನ ಸೆಲ್ ತೀರಿಕೊಂಡ ಕಾರಣ ಹನ್ನೆರಡು ಲಕ್ಷದ ಕಾರು ಮೌನವ್ರತ ಹಿಡಿದಿರುವ ಬಗ್ಗೆ.

ಮಾನ್ಯರೇ,

ಮೊದಲು ಅಭಿನಂದನೆ ಸಲ್ಲಿಸಿಬಿಡುತ್ತೇನೆ. ಜೇಬು ಹರಿಯುತ್ತಿದ್ದ ಬೀಗದ ಕೈಯನ್ನು ಚಪ್ಪಟೆ ಕಾರ್ಡು ಮಾಡಿ ಕೊಟ್ಟಿದ್ದೀರಿ. 1990ರ ದಶಕದ ಕೊನೆಗೆ ಮರ್ಸಿಡಿಸ್ ಎಸ್-ಕ್ಲಾಸಿನ ಒಡೆಯರ ಜೇಬಿನಲ್ಲಿದ್ದ ಈ ವೈಭವ, 2001ರ ಹೊತ್ತಿಗೆ ರೆನೋ ಲಗೂನಾದ ಮೂಲಕ ಯುರೋಪಿನ ಸಂಬಳದಾರರ ಕೈಗೂ ಬಂತು. ಈಗ ನಮ್ಮಲ್ಲಿ ಸಣ್ಣ ಕಾರಿಗೂ, ಟಾಪ್ ಮಾಡೆಲ್ ತೆಗೆದುಕೊಂಡರೆ, ಕೀಲಿಯಿಲ್ಲದ ಬಾಗಿಲು ಉಂಟು. ಶೋರೂಮಿನ ಹುಡುಗ ಎರಡೂ ಕೈಯಲ್ಲಿ ಹಿಡಿದು ಪ್ರಸಾದದಂತೆ ಕೊಡುತ್ತಾನೆ. "ಇನ್ಮೇಲೆ ಕೀ ತೆಗೆಯೋ ತಾಪತ್ರಯವೇ ಇಲ್ಲ ಸಾರ್." ಒಳಗೊಂದು ಸೆಲ್ ಇದೆ, ಅದಕ್ಕೂ ಆಯಸ್ಸು ಎಂಬುದಿದೆ ಎನ್ನುವ ವಿಚಾರ ಮಾತ್ರ ಅಪ್ಪಿತಪ್ಪಿಯೂ ಅವನ ಬಾಯಿಂದ ಬರುವುದಿಲ್ಲ.

ಏರ್ಪಾಡು ಸೊಗಸಾಗಿದೆ, ಇಲ್ಲವೆನ್ನಲಾರೆ. ಹಿಡಿಕೆ ಮುಟ್ಟಿದೊಡನೆ ಕಾರು ಸುಮಾರು 125 ಕಿಲೋಹರ್ಟ್ಸ್‌ನಲ್ಲಿ "ಯಾರದು?" ಎನ್ನುತ್ತದೆ. ಕಾರ್ಡು, ಬಹಳಷ್ಟು ಕಾರುಗಳಲ್ಲಿ, 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ "ನಾನೇ ಕಣೋ" ಎನ್ನುತ್ತದೆ. ಆದರೆ ಕರೆ ಯಾವಾಗ ಬರುತ್ತದೋ ತಿಳಿಯದ್ದರಿಂದ ಕಾರ್ಡು ಹಗಲೂ ರಾತ್ರಿ ಕಿವಿ ತೆರೆದೇ ಕೂತಿರಬೇಕು. ನಾವು ಕಾರು ಮುಟ್ಟದೆ ರೈಲು ಹತ್ತಿ ಊರಿಗೆ ಹೋದರೂ ಸೆಲ್ ಕರಗುತ್ತಲೇ ಇರುತ್ತದೆ. ಟಿವಿ, ಕಂಪ್ಯೂಟರು, ಚಾರ್ಜರುಗಳ ಪಕ್ಕದಲ್ಲಿಟ್ಟರಂತೂ ಅವುಗಳ ಗದ್ದಲಕ್ಕೂ ಎಚ್ಚರಾಗಿ ಬೇಗ ಸೊರಗುತ್ತದೆ. ನಮ್ಮ ಮನೆಗಳಲ್ಲಿ ಕೀಲಿ ತೂಗುಹಾಕುವ ಮೊಳೆ ಇರುವುದೇ ಟಿವಿ ಪಕ್ಕದಲ್ಲಿ! ಇದನ್ನೆಲ್ಲ ನೀವು ಕೈಪಿಡಿಯಲ್ಲಿ ಬರೆದಿದ್ದೀರಿ, ಗೊತ್ತು. ಆ ಕೈಪಿಡಿಯನ್ನು ಕಾರಿನೊಳಗಿನ ಖಾನೆಯಲ್ಲಿಟ್ಟು ಬಾಗಿಲು ಹಾಕಿದ್ದೀರಿ. ಕಾರು ತೆರೆಯುವ ವಿದ್ಯೆ ಕಾರಿನೊಳಗೇ ಭದ್ರವಾಗಿದೆ.

ಸೆಲ್ ಸತ್ತರೂ ದಾರಿಯುಂಟು ಎಂಬುದೇ ಇದರಲ್ಲಿನ ದೊಡ್ಡ ಗುಟ್ಟು. ಕಾರ್ಡಿನ ಹೊಟ್ಟೆಯಲ್ಲೇ ಒಂದು ತಗಡಿನ ಕೀಲಿ ಅಡಗಿದೆ. ಅದನ್ನು ತೂರಿಸುವ ರಂಧ್ರವನ್ನು, ಕಾರಿನ ಅಂದ ಕೆಡಬಾರದೆಂದು, ಹಿಡಿಕೆಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಬಚ್ಚಿಟ್ಟಿದ್ದೀರಿ. ನಮ್ಮ ಅಪಾರ್ಟ್‌ಮೆಂಟಿನ ನಿವೃತ್ತ ಮೇಷ್ಟ್ರೊಬ್ಬರು ಹೇಗೋ ಇದನ್ನು ಪತ್ತೆಹಚ್ಚಿ, ಬೆಳಗಿನ ಜಾವ ನೆಲಮಾಳಿಗೆಯಲ್ಲಿ ತಮ್ಮದೇ ಕಾರಿನ ಬಾಗಿಲು ತೆರೆದರು. ಕಾರು ಕಳ್ಳ ಕಳ್ಳ ಎಂದು ಬೊಬ್ಬೆ ಹೊಡೆಯಿತು. ವಾಚ್‌ಮನ್ ಲಾಠಿ ಹಿಡಿದು ಬಂದು, "ಸಾರ್, ಇದು ಯಾರ ಗಾಡಿ?" ಎಂದು ವಿಚಾರಣೆ ಶುರುಮಾಡಿದ. ಸತ್ತ ಕಾರ್ಡನ್ನೇ ಸ್ಟಾರ್ಟ್ ಗುಂಡಿಗೆ ಒತ್ತಿ ಹಿಡಿದರೆ ಸಾಕು, ಒಳಗಿನ ಚಿಪ್ಪಿಗೆ ಬೇಕಾದ ಚೂರು ಶಕ್ತಿಯನ್ನು ಕಾರೇ ಕೊಡುತ್ತದೆ, ಎಂಜಿನ್ ಹೊರಡುತ್ತದೆ. ಕೆಲವು ಕಾರಲ್ಲಿ ಗುಂಡಿಯ ಬದಲು ಬೇರೆ ಜಾಗವಿರುತ್ತದೆ. ಇಷ್ಟನ್ನು ಮೇಷ್ಟ್ರಿಗೆ ಹೇಳಿಕೊಟ್ಟದ್ದು ನೀವಲ್ಲ, ಮೂರನೇ ಮಹಡಿಯ ಪಿಯುಸಿ ಹುಡುಗ.

ಅದಕ್ಕೂ ಮೊದಲು ಅವರು ಸರ್ವೀಸ್ ಸೆಂಟರಿಗೆ ಫೋನು ಮಾಡಿದ್ದರು. ಸಿಕ್ಕ ಉತ್ತರ: "ಗಾಡಿ ತಗೊಂಡ್ ಬನ್ನಿ ಸಾರ್, ನೋಡೋಣ." ಜೊತೆಗೊಂದು ಬೆದರಿಕೆ, ಹೊರಗೆ ಸೆಲ್ ಹಾಕಿಸಿದರೆ ಕಾರ್ಡು ಕಾರನ್ನೇ ಮರೆತುಬಿಡುತ್ತದಂತೆ, ಮತ್ತೆ ಪ್ರೋಗ್ರಾಂ ಮಾಡಿಸಬೇಕಂತೆ. ಸಾಮಾನ್ಯವಾಗಿ ಹಾಗೇನೂ ಆಗುವುದಿಲ್ಲ. ಆ ಗುರುತು ಇರುವುದು ಚಿಪ್ಪಿನ ನೆನಪಿನಲ್ಲಿ, ಸೆಲ್ಲಿನಲ್ಲಲ್ಲ. ನಿಮಗಿದು ಗೊತ್ತಿಲ್ಲವೆಂದು ನಂಬಲು ನಾನು ಸಿದ್ಧನಿಲ್ಲ.

ಕೊನೆಗೆ ಕೆಲಸ ಮುಗಿದದ್ದು ಬಸ್ ಸ್ಟ್ಯಾಂಡ್ ಪಕ್ಕದ ವಾಚ್ ರಿಪೇರಿ ಅಂಗಡಿಯಲ್ಲಿ. ಅಲ್ಲಿ ಕೂತವನು ಸಂದಿಗೆ ಸಣ್ಣ ಸ್ಕ್ರೂಡ್ರೈವರ್ ಹಾಕಿ ತಿರುವಿದ, ಪ್ಲಸ್ ಗುರುತು ಯಾವ ಕಡೆಗಿದೆಯೆಂದು ನೋಡಿಕೊಂಡ, ಹೊಸ ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು ಕೂರಿಸಿದ. ಹೆಸರು ಸಿಆರ್ 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ, ಮೂರು ವೋಲ್ಟಿನ ಲಿಥಿಯಂ ಸೆಲ್. ಪಕ್ಕದ ಫ್ಯಾನ್ಸಿ ಸ್ಟೋರಿನವನು "ಇದೂ ಆಗುತ್ತೆ ತಗೊಳ್ಳಿ" ಎಂದು ಕೊಡಲು ಬಂದದ್ದು 2025. ಅದೂ ಮೂರು ವೋಲ್ಟೇ, ಆದರೆ ದಪ್ಪ ಬರೀ 2.5. ಒಳಗೆ ಅಲ್ಲಾಡುತ್ತ ಒಮ್ಮೆ ತಗುಲಿ ಒಮ್ಮೆ ಬಿಟ್ಟು ಮೇಷ್ಟ್ರನ್ನು ಮತ್ತೆ ವಾಚ್‌ಮನ್ ಎದುರು ನಿಲ್ಲಿಸುತ್ತಿತ್ತು.

ಹೀಗಾಗಿ ಮಹನೀಯರೇ, ನನ್ನದೊಂದು ಪುಟ್ಟ ಅಹವಾಲು. ಕಾರ್ಡನ್ನು ವಾಪಸು ತೆಗೆದುಕೊಳ್ಳಿ ಎನ್ನುತ್ತಿಲ್ಲ. ಅದರ ಬೆನ್ನ ಮೇಲೆ ನಿಮ್ಮ ಲಾಂಛನ ಹೆಬ್ಬೆರಳಿನಷ್ಟಗಲ ಹೊಳೆಯುತ್ತಿದೆ. ಅದನ್ನು ಕೊಂಚ ಕುಗ್ಗಿಸಿ, ಉಳಿದ ಜಾಗದಲ್ಲಿ ಮೂರು ಸಾಲು ಅಚ್ಚುಹಾಕಿಸಿ: ಯಾವ ನಂಬರಿನ ಸೆಲ್, ತಗಡಿನ ಕೀಲಿಯನ್ನು ಎಲ್ಲಿ ತೂರಿಸಬೇಕು, ಕಾರ್ಡನ್ನು ಎಲ್ಲಿಗೆ ಒತ್ತಬೇಕು. ಕನ್ನಡದಲ್ಲಿದ್ದರೆ ವಾಚ್‌ಮನ್‌ಗೂ ಅನುಕೂಲ.

ಇಂತಿ,
ಬಾಗಿಲ ಹೊರಗೆ ನಿಂತ ಗ್ರಾಹಕರ ಪರವಾಗಿ.

ವಿ.ಸೂ.: ಇದು ಕಂಪನಿಗಲ್ಲ, ಓದುವವರಿಗೆ, ಮತ್ತು ತಮಾಷೆಯಲ್ಲ. ತೆಗೆದ ಹಳೆಯ ಬಿಲ್ಲೆಯನ್ನು ಟೇಬಲ್ ಮೇಲೆ ಬಿಡಬೇಡಿ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆಲ್ಲ ಸುಡಬಹುದು. ಕಾರಿಗೆ ಸಾಲದೆ ಹೋದ ಸೆಲ್ಲಿಗೂ ಅಷ್ಟು ಕಸುವು ಉಳಿದಿರುತ್ತದೆ. ಎರಡೂ ಮುಖಕ್ಕೆ ಟೇಪು ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.